ಕಂಬಳಿಯ ಮೇಲೆ ಆಡಿದ ಮಾತು

ಕುರ್ಡಿ, ಮಾನ್ವಿ ತಾಲೂಕು
ತಾ. 11-8-2025, ಸೋಮವಾರ

ಮೊಮ್ಮಗಳು ದೇವಿಕಾಗೆ ಮುತ್ಯಾ ಮಾಡುವ ಆಶೀರ್ವಾದ.

ಹೇಗಿದ್ದೀ ತಾಯಿ? ಪಾಳಿ ಮುಗಿಸಿ ಹಾಸ್ಟೆಲಿಗೆ ಬಂದು ಉಣ್ಣದೇ ಮಲಗುವ ಚಾಳಿ ಬಿಟ್ಟೆಯೋ ಇಲ್ಲವೋ? ನಿಂತು ನಿಂತು ಬಂದಿದ್ದ ಕಾಲಿನ ಬಾವು ಇಳಿಯಿತೇ? ಇಲ್ಲಿ ನನ್ನ ಮೊಣಕಾಲೊಂದು ಬಿಟ್ಟರೆ ಎಲ್ಲರೂ ಆರಾಮ. ನಿಮ್ಮವ್ವ ನಳದ ಹತ್ತಿರ ನಿಂತು, "ನಮ್ಮ ದೇವಿ ದುಬೈ ದವಾಖಾನಿಗೆ ಹೊಂಟಾಳ್ರಿ" ಎಂದು ಊರಿಗೆಲ್ಲ ಹೇಳಿದ್ದಾಳೆ. ಕೊಡ ತುಂಬಿ ಹರಿದರೂ ಅವಳ ಮಾತು ಮುಗಿಯುವುದಿಲ್ಲ. ಫೋನಿನಲ್ಲಿ ನಿನ್ನ ಖುಷಿಯ ದನಿ ಕೇಳಿದರೆ ಮಳೆ ಬೆಳೆಯ ಮಾತಾಡಿ ಇಟ್ಟುಬಿಡುತ್ತೇನೆ. ಅದಕ್ಕೇ ಈ ಕಾಗದ.

ತಪ್ಪು ನನ್ನದು. ನರ್ಸುಗಳನ್ನು ಪರದೇಶಕ್ಕೆ ಕಳಿಸುವ ಆ ಏಜೆಂಟ್ ಹಾಲೇಶ ನಮ್ಮ ಪೈಕಿಯವನೇ, ದೇವದುರ್ಗದ ಕಡೆಯವನು. ಮನೆಗೆ ಬಂದವನು ನಮ್ಮ ಕರಿ ಕಂಬಳಿಯ ಮೇಲೆ ಕುಳಿತು, ಆಣೆಗೆಂದು ದೇವರ ಅರಿಶಿನ ಭಂಡಾರ ಹಿಡಿದು, "ಯಪ್ಪಾ, ಹುಡುಗಿ ಅಲ್ಲಿ ಹೋಗಿ ತಿಂಗಳದಾಗ ಕೆಲಸಕ್ಕ ಹತ್ತತಾಳ. ಪರೀಕ್ಷೆ ಗಿರೀಕ್ಷೆ ಏನೂ ಬ್ಯಾಡ" ಎಂದ. ಕಂಬಳಿಯ ಮೇಲೆ ಭಂಡಾರ ಹಿಡಿದವನು ಮಾತು ತಪ್ಪಿದ್ದನ್ನು ಎಪ್ಪತ್ತು ವರ್ಷದಲ್ಲಿ ನಾನು ಕಂಡಿರಲಿಲ್ಲ. ನೀನು ನನ್ನ ಹತ್ತಿರ ಇಟ್ಟು ಹೋಗಿದ್ದ ಪಾಸ್‌ಪೋರ್ಟು, ಸರ್ಟಿಫಿಕೇಟು ಎಲ್ಲ ತೆಗೆದು ಅವನ ಕೈಗಿಟ್ಟೆ. ಹೊಲದಲ್ಲಿ ಒಂದು ರಾತ್ರಿ ಕುರಿ ನಿಲ್ಲಿಸಬೇಕಾದರೂ ಹೊಲದ ಒಡೆಯನನ್ನೇ ಹುಡುಕಿ ಮಾತಾಡಿಸುತ್ತಿದ್ದವನು ನಾನು. ನಿನ್ನ ವಿಷಯದಲ್ಲಿ ನಡುವಿನವನ ಮಾತು ನಂಬಿದೆ.

ಹೋದ ವಾರ ಅವನು ವೀಸಾದ ಪ್ರತಿ ಕಳಿಸಿದ. ಓಣಿಯ ಮಹಬೂಬೀಗೆ ತೋರಿಸಿದೆ. ಎಂಟು ವರ್ಷ ಕುವೈತಿನಲ್ಲಿ ಮನೆಗೆಲಸ ಮಾಡಿ ಬಂದವಳು, ನಿನಗೆ ಗೊತ್ತಲ್ಲ. ಕನ್ನಡಕ ಏರಿಸಿ ನೋಡಿ, "ಕಾಕಾ, ಇದು ನೋಡಕ ಹೋಗೋರ ವೀಸಾ. ದುಡಿಯಾಕ ಹೋಗೋರದಲ್ಲ. ಇದರ ಮ್ಯಾಲ ಕೆಲಸ ಮಾಡಿ ಸಿಕ್ಕರ ದಂಡ, ಜೇಲು. ಪಗಾರ ಕೊಡಲಿಲ್ಲ ಅಂತ ಹೇಳಾಕೂ ಬಾಯಿ ಇರಂಗಿಲ್ಲ" ಎಂದಳು. ಮರುದಿನ ಅವಳೇ ನನ್ನನ್ನು ರಾಯಚೂರಿನ ಸರಕಾರಿ ಕಚೇರಿಗೆ ಕರೆದುಕೊಂಡು ಹೋದಳು. ಅಲ್ಲಿನ ಹೆಣ್ಣುಮಗಳು ಸಮಾಧಾನದಿಂದ ತಿಳಿಸಿದಳು: ಮೊದಲು ಅಲ್ಲಿನ ಲೈಸೆನ್ಸ್ ಪರೀಕ್ಷೆ, ಆಮೇಲೆ ಆಸ್ಪತ್ರೆಯಿಂದಲೇ ಕೆಲಸದ ಕರಾರು, ಅದಾದ ಮೇಲೆ ಕೆಲಸದ ವೀಸಾ. ದುಬೈ ಬಿಟ್ಟು ಜರ್ಮನಿಗೆ ಹೋಗುವುದಾದರೆ ಅವರ ಭಾಷೆ ಕಲಿಯಲು ವರ್ಷವಾದರೂ ಬೇಕಂತೆ. ವಾರ್ಡಿನ ಗೆಳತಿಯರ ಜೊತೆ ಇದ್ದೇ ಮಲಯಾಳಂ ಕಲಿತವಳು ನೀನು, ಅದೇನು ದೊಡ್ಡದಲ್ಲ.

ಅಲ್ಲಿಂದ ಹಾಲೇಶನ ಆಫೀಸಿಗೆ ಹೋಗಿ ಕೇಳಿದರೆ ಅವನು ನಕ್ಕ. "ನಾ ಎಲ್ಲಿ ಸುಳ್ಳು ಹೇಳೀನಿ ಯಪ್ಪಾ? ಭಂಡಾರ ಹಿಡದು ಕೆಲಸ ಅಂದೀನಿ, ವೀಸಾದ ಮಾತ ತಗದಿಲ್ಲ. ಅಲ್ಲಿ ಹೋಗಿ ಬದಲು ಮಾಡಿಸಿದರಾತು, ಎಲ್ಲಾರೂ ಹಂಗ ಹೊಂಟಾರ." ಇಪ್ಪತ್ತನೇ ತಾರೀಖಿಗೆ ಟಿಕೆಟ್ ಅಂತೆ. ನೀನು ಆಸ್ಪತ್ರೆಗೆ ರಾಜೀನಾಮೆ ಬರೆದುಕೊಟ್ಟಿದ್ದೀ. ಇನ್ನೂ ಕಡೆಯ ದಿನ ಬಂದಿಲ್ಲವಲ್ಲ, ಹಿಂದೆ ತೆಗೆದುಕೊಳ್ಳಲು ಬರುತ್ತದೆಯೇ ಕೇಳು. ನಿಮ್ಮವ್ವನಿಗೆ ನಾನು ಇನ್ನೂ ಏನೂ ಹೇಳಿಲ್ಲ. ಹೇಳುವ ಧೈರ್ಯವಿಲ್ಲ.

ಮಹಬೂಬೀ ನಿನಗೆ ಸಲಾಂ ಹೇಳಿದ್ದಾಳೆ. ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನ ಕೈ ಹಿಡಿಯಲಿ.

ನಿನ್ನ ಮುತ್ಯಾ,
ಅಂಬಣ್ಣ

ತಾ.ಕ.: ಈ ಕಾಗದ ಒಯ್ಯುವ ಹತ್ತಿ ಲಾರಿಯ ಮಲ್ಲೇಶ ನಿನ್ನ ಊರಿನ ಕಡೆ ಹೊರಟು ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಮೇಲೆ ಬರೆಯದೆ ಮುಚ್ಚಿಟ್ಟ ಮಾತೊಂದಿದೆ: ಹಾಲೇಶ ನಕ್ಕ ಮರುದಿನದಿಂದ ಅವನ ಆಫೀಸಿನ ಬಾಗಿಲಿಗೆ ಅದೇ ಕಂಬಳಿ ಹಾಸಿ ಎರಡು ದಿನ ಕುಳಿತೆ. ಬಂದ ಹುಡುಗಿಯರೆಲ್ಲ ಯಾಕೆ ಕುಳಿತಿದ್ದೀ ಎಂದು ಕೇಳಿದರು, ಹೇಳಿದೆ. ಮೂರನೇ ದಿನ ಪಾಸ್‌ಪೋರ್ಟು, ಸರ್ಟಿಫಿಕೇಟು ಎಲ್ಲ ಮುಖಕ್ಕೆ ಎಸೆದಂತೆ ಕೊಟ್ಟ. ನೀನು ಹೋಗಬಾರದೆಂದು ಟ್ರಂಕಿನಲ್ಲಿ ಬಚ್ಚಿಟ್ಟಿದ್ದೆ. ನಿನ್ನನ್ನು ಕೇಳದೆ ಒಮ್ಮೆ ಕೊಟ್ಟೆ, ಈಗ ಕೇಳದೆ ಇಟ್ಟುಕೊಂಡರೆ ಅವನಿಗೂ ನನಗೂ ಏನು ಫರಕು? ಮಲ್ಲೇಶ ತರುವ ಕಂಬಳಿಯ ಮಡಿಕೆ ಬಿಚ್ಚು, ಎಲ್ಲವೂ ಒಳಗಿವೆ. ಹೋಗುವುದು ಬಿಡುವುದು ನಿನಗೆ ಬಿಟ್ಟದ್ದು. ಆದರೆ ಇನ್ನು ಮೇಲೆ ಅವನ್ನು ಯಾರ ಕೈಗೂ ಕೊಡಬೇಡ, ನನ್ನ ಕೈಗೂ.