ಬೀಗರ ಮನೆಗೆ ಅರ್ಧ ಮೀನು

ಹಿಕೆತಾ, ಕಗಾವಾ ಪ್ರಾಂತ್ಯ
ಡಿಸೆಂಬರ್ 18

ಪ್ರೀತಿಯ ಅಮ್ಮಾ,

ನೀನು ಕಳಿಸಿದ ಮೀನು ಮೊನ್ನೆ ಬಂದು ತಲುಪಿತು. ಅದನ್ನು ಮೊದಲು ಹೇಳಿಬಿಡುತ್ತೇನೆ, ಕ್ಷೇಮಸಮಾಚಾರ ಆಮೇಲೆ. ಫೋನು ಮಾಡಲು ಧೈರ್ಯ ಬರಲಿಲ್ಲ. ಫೋನಿನಲ್ಲಿ ನಾವಿಬ್ಬರೂ ನಾಲ್ಕು ಮಾತು ಮುಗಿಯುವುದರೊಳಗೆ ಜಗಳಕ್ಕೆ ಬೀಳುತ್ತೇವೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕಲಾರೆ.

ಪೆಟ್ಟಿಗೆಯೊಳಗೆ ಒಂದು ಚೀಟಿಯೂ ಇರಲಿಲ್ಲ. ನಮ್ಮೂರು ಹಿಮಿಯ ಬಂದರಿನ ಮೊಹರು, ಮಂಜುಗಡ್ಡೆ, ಅದರ ನಡುವೆ ನನ್ನ ತೋಳಿಗಿಂತ ಉದ್ದದ ಬುರಿ ಮೀನು. ನಾನು ಅಡುಗೆಮನೆಯ ನೆಲದ ಮೇಲೆಯೇ ಕೂತು ಅತ್ತುಬಿಟ್ಟೆ. ಅಷ್ಟು ದೂರದ ಸೀಮೆಗೆ ಮಗಳನ್ನು ಕೊಡುವುದಿಲ್ಲ ಎಂದವಳು ನೀನು. ಜೂನ್‌ನಲ್ಲಿ ಮದುವೆಗೂ ಬರಲಿಲ್ಲ, ಹೊಟ್ಟೆನೋವು ಎಂದು ಹೇಳಿ ಕಳಿಸಿದೆ. ಅಲ್ಲಿಂದ ಇಲ್ಲಿಯವರೆಗೆ ಒಂದು ಮಾತಿಲ್ಲ. ಮದುವೆಯಾದ ಮೊದಲ ವರ್ಷದ ಕೊನೆಗೆ ತವರಿನಿಂದ ಬೀಗರ ಮನೆಗೆ ಬುರಿ ಬಂತೆಂದರೆ ಅದರ ಅರ್ಥವನ್ನು ನನಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಅಮ್ಮಾ, ಕಡೆಗೂ ನೀನು ಒಪ್ಪಿದೆ. ಅವತ್ತು ನನಗಾದ ಸಂತೋಷವನ್ನು ಹೇಗೆ ಬರೆಯಲಿ!

ಈಗ ಕಷ್ಟದ ಮಾತಿಗೆ ಬರುತ್ತೇನೆ. ನೀನು ಬಾಗಿಲ ಕಡೆ ಕಿವಿಯಿಟ್ಟು ಅರ್ಧ ಮೀನಿಗಾಗಿ ಕಾಯುತ್ತಿರುತ್ತೀಯೆಂದು ಗೊತ್ತು. ಬೀಗರು ಅರ್ಧ ಇಟ್ಟುಕೊಂಡು ಇನ್ನರ್ಧ ವಾಪಸು ಕಳಿಸಿದರೆ ತಾನೆ ನಮ್ಮಲ್ಲಿ ನಂಟು ಕುದುರಿದ ಲೆಕ್ಕ? ಪಕ್ಕದ ಮನೆಯ ಫುಸಾಯೊ ಕೂಡ ಏನಾದರೂ ನೆಪ ಮಾಡಿಕೊಂಡು ಬಂದು ವಿಚಾರಿಸುತ್ತಿರಬಹುದು. ಅಮ್ಮಾ, ಆ ಅರ್ಧ ಬರುವುದಿಲ್ಲ. ದಯವಿಟ್ಟು ಕಾಗದ ಮಡಚಿಡದೆ ಪೂರ್ತಿ ಓದು.

ನನ್ನ ಅತ್ತೆ ತೊಕಿಯೆ ಕೆಟ್ಟವರಲ್ಲ. ಈ ಊರಿನ ಎಷ್ಟೋ ಹೆಂಗಸರ ಹಾಗೆ ಅವರೂ ಕೈಗವಸು ಹೊಲಿಯುತ್ತಾರೆ. ಬಾಯಿಯೂ ಅವರ ಹೊಲಿಗೆ ಯಂತ್ರದ ಹಾಗೆಯೇ, ಒಮ್ಮೆ ಶುರುವಾದರೆ ನಿಲ್ಲುವುದಿಲ್ಲ. ಮೀನು ನೋಡಿದವರೇ, "ಅಯ್ಯಯ್ಯೋ, ಇದು ನಮ್ಮ ಹಮಾಚಿಯ ಅಜ್ಜ ಕಣೇ!" ಎಂದು ಕೂಗಿದರು. ಇಲ್ಲಿಯವರು ಅದೇ ಮೀನನ್ನು ಸಮುದ್ರದಲ್ಲಿ ಬಲೆ ಕಟ್ಟಿ ಸಾಕುತ್ತಾರೆ, ಪೂರ್ತಿ ಬೆಳೆಯುವ ಮೊದಲೇ ಹಿಡಿದು ಹಮಾಚಿ ಎಂದು ಮಾರುತ್ತಾರೆ. ಅದರ ಮೇಲೆ ಜಂಬ ಬೇರೆ. ನಿನ್ನ ಅಳಿಯ ಕೊಸುಕೆಗೆ ದಿನ ಬೆಳಗಾದರೆ ಆ ಹಮಾಚಿಯದೇ ಕೆಲಸ. ಅವನು ಕೂಡ ನಿನ್ನ ಬುರಿಯನ್ನು ಸೀಳಿ, ಅದರ ಕೊಬ್ಬು ನೋಡಿ, ಕತ್ತಿ ಕೆಳಗಿಟ್ಟು ಅತ್ತೆಯನ್ನು ಕೂಗಿ ಕರೆದು ತೋರಿಸಿದ. ನನಗೆ ಹೆಮ್ಮೆಯಾಯಿತು.

ಅರ್ಧ ಮೀನಿನ ವಿಷಯ ಅತ್ತೆಗೆ ತಿಳಿಯಬೇಕಾದರೆ ಮೊದಲು ನಮ್ಮ ತೊಯಾಮಾ ಪ್ರಾಂತ್ಯ ತಿಳಿಯಬೇಕಲ್ಲ? ಅವರಿಗೆ ಗೊತ್ತಿದ್ದದ್ದು ಒಂದೇ. "ಮನೆಮನೆಗೆ ಔಷಧಿ ಡಬ್ಬಿ ಇಟ್ಟು, ಮುಂದಿನ ವರ್ಷ ಬಂದು ಖರ್ಚಾದ್ದಕ್ಕೆ ಮಾತ್ರ ಕಾಸು ತಗೊಳ್ತಿದ್ರಲ್ಲ, ಆ ಜನರ ಊರು ತಾನೆ? ನಮಗೆಲ್ಲ ಕಾಗದದ ಬಲೂನು ಕೊಡ್ತಿದ್ರು" ಎಂದರು. ನಾನು ಊಟದ ಮೇಜಿನ ಮೇಲೆ ಇಡೀ ಪ್ರಾಂತ್ಯವನ್ನೇ ಹರಡಿದೆ. ಚಹಾದ ತಟ್ಟೆ ನಮ್ಮ ಕೊಲ್ಲಿ. ಬಲಗಡೆಗೂ ಹಿಂದುಗಡೆಗೂ ಬೋರಲಿಟ್ಟ ಲೋಟಗಳು ತತೆಯಾಮಾ ಬೆಟ್ಟಗಳು. ನಡುವಿನ ಕುರೆಹಾ ಗುಡ್ಡಕ್ಕೆ ಸೋಯಾ ಸಾಸಿನ ಬಾಟಲಿ ಇಟ್ಟು, ಅದರ ಆಚೆಯವರನ್ನು ಕಂಡರೆ ಈಚೆಯವರಾದ ನಮಗೆ ಅಷ್ಟಕ್ಕಷ್ಟೇ ಎಂಬುದನ್ನೂ ಮುಚ್ಚಿಡದೆ ಹೇಳಿದೆ. ದಡ ಬಿಟ್ಟರೆ ಸಮುದ್ರ ಒಮ್ಮೆಗೇ ಪಾತಾಳಕ್ಕೆ ಇಳಿಯುವುದು, ವಸಂತದಲ್ಲಿ ನೀಲಿಯಾಗಿ ಮಿನುಗುವ ಪುಟ್ಟ ಬೊಂಡಾಸು ಮೀನುಗಳು, ತೊನಾಮಿಯ ಟುಲಿಪ್ ಬಯಲು, ನಮ್ಮಲ್ಲಿ ಬೆಳೆಯದಿದ್ದರೂ ಉತ್ತರದಿಂದ ತರಿಸಿ ಕಂಡಕಂಡ ತಿನಿಸಿಗೆಲ್ಲ ಸುತ್ತುವ ಸಮುದ್ರಪಾಚಿ, ಎಲ್ಲ ಆಯಿತು. ಡಿಸೆಂಬರಿನಲ್ಲಿ ಗುಡುಗಿದರೆ ನೀನು ಕೈಕೆಲಸ ಬಿಟ್ಟು, ಬುರಿ ಬಂತು ಎಂದು ಬಂದರಿನ ಕಡೆ ಓಡುವುದನ್ನು ಅಭಿನಯಿಸಿ ತೋರಿಸಿದೆ. ಹಿಮ ಸೂರಿನವರೆಗೆ ಬೀಳುತ್ತದೆ ಎಂದಾಗ ಮಾತ್ರ ಅತ್ತೆ ತಡೆದರು.

"ಅಷ್ಟು ಹಿಮದಲ್ಲಿ ಜನ ಯಾಕಿರ್ತಾರೆ? ಬೇರೆ ಜಾಗ ಸಿಗಲಿಲ್ವಾ?"

"ನೀವು ಮಳೆಯಿಲ್ದೆ ಊರು ತುಂಬ ಕೆರೆ ಕಟ್ಕೊಂಡಿಲ್ವಾ, ಹಾಗೇ" ಎಂದೆ. ನಕ್ಕರು. ನಗುತ್ತಿದ್ದಾಗಲೇ ಅರ್ಧ ಮೀನಿನ ಮಾತು ತೆಗೆದೆ. ನಗು ಅಲ್ಲಿಗೇ ನಿಂತಿತು.

"ಏನು, ನಾವು ತಿಂದು ಉಳಿದಿದ್ದನ್ನ ಕೊರಿಯರ್‌ಗೆ ಹಾಕಿ ಬೀಗಿತ್ತಿಗೆ ಕಳಿಸೋದಾ? ಕೊಟ್ಟಿದ್ದನ್ನ ವಾಪಸ್ ಕೊಡೋದು ಅಂದ್ರೆ ನಮ್ಮಲ್ಲಿ ಮುಖಕ್ಕೆ ಹೊಡೆದ ಹಾಗೆ. ನನ್ನ ಕೈಲಾಗಲ್ಲಮ್ಮ" ಎಂದರು. ಅದರ ಬದಲು ಇಲ್ಲಿಯ ಸಕ್ಕರೆ ಮಿಠಾಯಿಯನ್ನು ಚೆಂದದ ಕಾಗದದಲ್ಲಿ ಸುತ್ತಿಟ್ಟಿದ್ದಾರೆ. ಅದು ನಿನಗೆ ಬರುತ್ತದೆ. ಅರ್ಧ ಮೀನು ಉಪ್ಪು ಹಚ್ಚಿಸಿಕೊಂಡು ನಮ್ಮ ಫ್ರಿಜ್‌ನಲ್ಲೇ ಇದೆ.

ಕೊಸುಕೆ ನನ್ನ ಮುಖ ನೋಡಲಾರದೆ, "ನಮ್ಮಮ್ಮನ ಹೆಸರು ಬರ್ದು ನಾವೇ ಕಳಿಸ್ಬಿಡೋಣ, ಯಾರಿಗೆ ಗೊತ್ತಾಗುತ್ತೆ?" ಎಂದ. ನನಗೂ ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ನೀನು ಅದನ್ನು ನಂಬಿ, ಫುಸಾಯೊಗೆ ಒಂದು ತುಂಡು ಕೊಟ್ಟು, ಅತ್ತೆಗೆ ಕೃತಜ್ಞತೆಯ ಕಾಗದ ಬರೆಯುತ್ತೀಯಲ್ಲ. ಅದನ್ನು ನೆನೆದು ಬೇಡವೆಂದೆ.

ಇನ್ನೊಂದು ವಿಷಯ. ನೀನು ಮದುವೆಗೆ ಬಾರದ ನಿಜವಾದ ಕಾರಣವನ್ನು ನಾನು ಅತ್ತೆಗೆ ಹೇಳಿಲ್ಲ. ಪಾಪ, ಹೊಟ್ಟೆನೋವೆಂದೇ ನಂಬಿದ್ದಾರೆ. ಈಗಲೂ ಆಗಾಗ, "ನಿಮ್ಮಮ್ಮನ ಹೊಟ್ಟೆ ಹೇಗಿದೆ?" ಎಂದು ಕೇಳುತ್ತಾರೆ. ಗಂಜಿ ಕುಡಿಯಬೇಕಂತೆ. ಇಂಥವರು ನಿನ್ನ ಮಗಳನ್ನು ಒಪ್ಪಲಿಲ್ಲವೆಂದು ನೀನು ತಿಳಿದುಕೊಂಡರೆ ನನಗೆ ಸಹಿಸಲಾಗುವುದಿಲ್ಲ.

ಅಮ್ಮಾ, ಅರ್ಧ ಮೀನು ಬರಲಿಲ್ಲವೆಂದು ಮತ್ತೆ ಮಾತು ಬಿಡಬೇಡ. ನನ್ನ ಗಂಡನ ಮನೆ ಚೆನ್ನಾಗಿದೆ, ಊರು ಚೆನ್ನಾಗಿದೆ, ಮೀನು ಕೂಡ ಪರವಾಗಿಲ್ಲ. ಆದರೆ ನೀನು ಮುನಿಸಿಕೊಂಡಿದ್ದರೆ ನನಗೆ ಇಲ್ಲಿ ಊಟವೂ ರುಚಿಸುವುದಿಲ್ಲ. ಬೇಕಾದರೆ ಫೋನು ಮಾಡಿ ಬೈದುಬಿಡು. ನಾನು ಎದುರಾಡುವುದಿಲ್ಲ.

ನಿನ್ನ ಮೊಂಡು ಮಗಳು,
ಮಿಯೊ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. ನನ್ನ ಊದಿದ ಕಣ್ಣು ನೋಡಿ ಅತ್ತೆ ಬಿಡಲೇ ಇಲ್ಲ. ಹೊಟ್ಟೆನೋವಿನ ಸಂಗತಿಯೂ ಸೇರಿ ಎಲ್ಲ ಹೇಳಿಬಿಟ್ಟೆ, ಕ್ಷಮಿಸು. ಬೈಯುತ್ತಾರೆಂದುಕೊಂಡೆ. ಬೈದರು, ಆದರೆ ನನಗೆ. "ಇಷ್ಟು ದಿನ ಬಾಯಿ ಮುಚ್ಕೊಂಡಿದ್ಯಲ್ಲೇ! ಮದುವೆಗೇ ಬರದೇ ಇದ್ದ ತಾಯಿ ತಾನಾಗಿ ಮೀನು ಕಳಿಸಿದ್ದಾಳೆ. ಅದಕ್ಕೆ ಕೊರಿಯರಲ್ಲಿ ಉತ್ತರ ಕೊಡೋಕಾಗುತ್ತಾ?" ಎಂದು ಹೊಲಿಗೆ ಬಿಟ್ಟು ಎದ್ದರು. ಅರ್ಧ ಮೀನನ್ನು ಮಂಜುಗಡ್ಡೆಯಲ್ಲಿಟ್ಟು ಕಟ್ಟಿ, ತಾವೇ ಹೊತ್ತು ನಿನ್ನಲ್ಲಿಗೆ ಹೊರಟಿದ್ದಾರೆ. ಎಷ್ಟೋ ಕಡೆ ರೈಲು ಬದಲಿಸಬೇಕು, ನಾನೂ ಬರುತ್ತೇನೆ ಎಂದರೆ, "ನೀನು ಬಂದ್ರೆ ನಿಮ್ಮಮ್ಮ ನಿನ್ನ ಮುಖಾನೇ ನೋಡ್ಕೊಂಡು ಕೂತ್ಬಿಡ್ತಾಳೆ. ನನ್ನ ಮುಖ ನೋಡ್ಬೇಕು ಅವಳು" ಎಂದರು. ಈ ಕಾಗದವೂ ಅವರ ಕೈಯಲ್ಲೇ ಬರುತ್ತಿದೆ. ಇಷ್ಟು ಓದಿ ಮುಗಿಸುವವರೆಗೆ ನೀನು ಅವರನ್ನು ಹೊಸ್ತಿಲ ಹೊರಗೇ ನಿಲ್ಲಿಸಿರುತ್ತೀಯ, ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ? ಅವರು ಜನ್ಮದಲ್ಲಿ ಅಷ್ಟು ಹಿಮ ಕಂಡವರಲ್ಲ. ಬೇಗ ಒಳಗೆ ಕರೆ, ಅಮ್ಮಾ.