ಎರಡು ಸಲ ಕಾಯಿಸಿದ ನೀರು

ಮಾರ್ಚ್ 4, ಸೋಮವಾರ. ಸಂಜೆ 6

ಇಂದು ಮೂರು ಮನೆಗಳಲ್ಲಿ ಮೈಕ್ರೋವೇವ್ ಓವನ್ ಡೆಮೋ. ಕಾಲು ಬಿದ್ದುಹೋಗಿದೆ. ಎರಡನೆಯ ಮನೆ ನಾಲ್ಕನೇ ಮಹಡಿ, ಲಿಫ್ಟ್ ಕೆಟ್ಟಿತ್ತು. ರಿಟೈರ್ ಆದ ಡ್ರಿಲ್ ಮಾಸ್ಟರು. ಹೊಸ ಓವನ್ನಿನೊಳಗೆ ಇಣುಕಿ, "ಇದರಲ್ಲಿ ಸಾಕ್ಸ್ ಒಣಗಿಸಬಹುದಾ ಮೇಡಂ?" ಎಂದರು. ತಮಾಷೆಗಲ್ಲ, ನಿಜವಾಗಿಯೇ ಕೇಳಿದ್ದು. ಬೆಂಕಿ ಹತ್ತಿಕೊಳ್ಳುತ್ತದೆ ಎಂದೆ. ಮುಖ ಇಷ್ಟು ಚಿಕ್ಕದಾಯಿತು. ಮೂರನೆಯ ಮನೆಯ ಅತ್ತೆ ಪರದೆಯ ಹಿಂದಿನಿಂದಲೇ ವಿಚಾರಿಸಿದರು, ಕಿರಣ ಹೊರಗೆ ಬರುತ್ತಂತಲ್ಲ? ಬಾಗಿಲು ನೆಟ್ಟಗೆ ಮುಚ್ಚುತ್ತಿದ್ದರೆ, ಅಂಚಿನಲ್ಲಿ ಜಿಡ್ಡು ಕಟ್ಟದಂತೆ ಒರೆಸಿಟ್ಟರೆ ಬರಲ್ಲಮ್ಮ ಎಂದೆ. ನಂಬಲಿಲ್ಲ. ಪರದೆಯೂ ಸರಿಯಲಿಲ್ಲ.

ಹನ್ನೊಂದು ವರ್ಷದಿಂದ ಇದೇ ಪಾಠ. ಸ್ಟೀಲ್ ಬೇಡ. ಬಿಗಿ ಮುಚ್ಚಳ ಬೇಡ. ಮೊಟ್ಟೆ ಇಡಿಯಾಗಿ ಬೇಡ. ಖಾಲಿ ಓಡಿಸಬೇಡಿ. ಬರೀ ನೀರನ್ನು ಮತ್ತೆ ಮತ್ತೆ ಕಾಯಿಸಬೇಡಿ. ನುಣುಪಾದ ಗಾಜಿನ ಲೋಟದಲ್ಲಿ ಒಂದು ಗುಳ್ಳೆಯೂ ಏಳದೆ ಕುದಿಯುವ ಮಟ್ಟ ದಾಟಿರುತ್ತದೆ, ನೋಡಿದರೆ ಸಾಧುವಿನಂತೆ ಕೂತಿರುತ್ತದೆ, ಚಮಚ ಸೋಕಿದರೆ ಮುಖಕ್ಕೇ ಚಿಮ್ಮುತ್ತದೆ. ಒಂದು ಮರದ ಚಮಚ ಇಟ್ಟೇ ಕಾಯಿಸಿ, ಓವನ್ ನಿಂತ ಮೇಲೂ ಒಂದು ನಿಮಿಷ ಬಿಡಿ... ನಿದ್ದೆಗಣ್ಣಲ್ಲಿ ಎಬ್ಬಿಸಿದರೂ ಒಪ್ಪಿಸುತ್ತೇನೆ.

ಅಕ್ಕ ಬಾಗಿಲಲ್ಲೇ ರೇಗಿಸಿದಳು: "ನಿನ್ನ ಪಾಠ ಕೇಳಿ ಕೇಳಿ ನಮ್ಮನೆ ಓವನ್ನೇ ಈಗ ನಂಗೆ ಬುದ್ಧಿ ಹೇಳುತ್ತೆ ಕಣೇ."

ಮಾರ್ಚ್ 7, ಗುರುವಾರ. ಬೆಳಗ್ಗೆ 11. ಆಸ್ಪತ್ರೆಯ ಬೆಂಚು

ಅಕ್ಕನಿಗೆ ಸುಟ್ಟಿದೆ. ಬಲಗೆನ್ನೆ, ಗದ್ದ, ಕುತ್ತಿಗೆ. ಬಲಗಣ್ಣು ತೆರೆಯಲಾಗುತ್ತಿಲ್ಲ. ಒಳಗೆ ನೋಡುತ್ತಿದ್ದಾರೆ.

ಬಚ್ಚಲಲ್ಲಿದ್ದೆ. ಗಾಜು ಒಡೆದ ಸದ್ದು. ಅಕ್ಕನ ದನಿಯೇ ಇಲ್ಲ... ಓಡಿ ಬಂದರೆ ಅಡುಗೆಮನೆ ನೆಲದಲ್ಲಿ ಕೂತಿದ್ದಾಳೆ, ಎರಡೂ ಕೈ ಗಾಳಿಯಲ್ಲಿ, ಸುತ್ತ ಕಾಫಿಪುಡಿ. ನಲ್ಲಿಯ ಕೆಳಗೆ ಮುಖ ಹಿಡಿಸಿದೆ. ಇಪ್ಪತ್ತು ನಿಮಿಷ, ತಣ್ಣೀರು, ಐಸ್ ಅಲ್ಲ. ಅದೊಂದು ಸರಿಯಾಗಿ ಮಾಡಿದೆ.

ನರ್ಸ್ ಕರೆಯುತ್ತಿದ್ದಾರೆ. ಆಮೇಲೆ.

ಮಾರ್ಚ್ 8, ಶುಕ್ರವಾರ. ಮಧ್ಯಾಹ್ನ

ಕಣ್ಣು ಉಳಿದಿದೆ. ರೆಪ್ಪೆ ಮಾತ್ರ ಸುಟ್ಟಿದೆಯಂತೆ. ಡಾಕ್ಟರ್ ಕೇಳಿದರು, "ನೀರು ಎಷ್ಟು ಹೊತ್ತು ಇಟ್ಟಿದ್ರಿ?" ಅಕ್ಕ ಬ್ಯಾಂಡೇಜಿನ ಒಳಗಿನಿಂದ, "ದಿನಾ ಎರಡು ನಿಮಿಷ ಇಡ್ತೀನಿ ಡಾಕ್ಟ್ರೇ. ನಿನ್ನೆ ಎಷ್ಟು ಒತ್ತಿದ್ನೋ... ನೆನಪೇ ಆಗ್ತಿಲ್ಲ."

ಡಾಕ್ಟರ್ ನನ್ನ ಕಡೆ ನೋಡಿದರು. ನಾನು ಡ್ರಿಪ್ ಬಾಟಲಿ ನೋಡಿದೆ.

ಇಲ್ಲಾದರೂ ಬರೆಯಲೇಬೇಕು. ನೀರು ಇಟ್ಟವಳು ನಾನು. ಅಕ್ಕ ಎದ್ದಿರಲಿಲ್ಲ, ಕಾಫಿಗೆ ನೀರಾದರೂ ಸಿದ್ಧವಿರಲಿ ಎಂದು ಗಾಜಿನ ಲೋಟದಲ್ಲಿ ಮೂರು ನಿಮಿಷ ಇಟ್ಟೆ. ಸೂಪರ್ವೈಸರ್ ಫೋನ್ ಬಂತು. ಮಾತಾಡುತ್ತಲೇ ಮರೆತೆ. ಆಮೇಲೆ ಆರಿರಬಹುದು ಎಂದುಕೊಂಡು, ಲೋಟ ಮುಟ್ಟಿಯೂ ನೋಡದೆ, ಇನ್ನೊಂದು ಮೂರು ಒತ್ತಿ ಸ್ನಾನಕ್ಕೆ ಹೋದೆ. ಚಮಚವಿಲ್ಲ, ಏನಿಲ್ಲ. ಅಕ್ಕ ಬಂದಾಗ ಬೀಪ್ ಆಗಿದ್ದಿರಬೇಕು. ತೆಗೆದು ಪುಡಿ ಹಾಕಿದ್ದಾಳೆ.

ಪ್ರತಿದಿನ ಅವಳೇ ಇಡುವುದು. ಆದ್ದರಿಂದ ನಿನ್ನೆಯೂ ತಾನೇ ಇಟ್ಟೆ ಎಂದುಕೊಂಡಿದ್ದಾಳೆ. ನೋವು, ಗಾಬರಿ... ಅಷ್ಟು ಹೊತ್ತಿನದು ಅಳಿಸಿಹೋಗಿದೆ.

ನಾಳೆ ಹೇಳುತ್ತೇನೆ. ಇವತ್ತು ನೋವಲ್ಲಿದ್ದಾಳೆ.

ಮಾರ್ಚ್ 12, ಮಂಗಳವಾರ

ಮನೆಗೆ ಬಂದೆವು. ಪಕ್ಕದ ಮನೆಯವರು ಬಂದರು, ಮೇಲಿನವರು ಬಂದರು. ಎಲ್ಲರಿಗೂ ಅಕ್ಕನದು ಒಂದೇ ಮಾತು: "ತಂಗಿ ಊರಿಗೆಲ್ಲ ಹೇಳಿಕೊಡ್ತಾಳೆ, ಮನೇಲಿರೋ ದಡ್ಡಿಗೆ ತಲೆಗೆ ಹೋಗಲಿಲ್ಲ ನೋಡಿ." ನಕ್ಕರು. ನಾನೂ ನಕ್ಕೆ. ಆ ನಗು ಎಲ್ಲಿಂದ ಬಂತೋ.

ಹೇಳಲಿಲ್ಲ. ದಿನ ಕಳೆದಂತೆ ಸುಲಭವಾಗುತ್ತದೆ ಎಂದುಕೊಂಡಿದ್ದೆ. ಉಲ್ಟಾ.

ಮಾರ್ಚ್ 16, ಶನಿವಾರ. ಸಂಜೆ

ಕೆಲಸಕ್ಕೆ ಹೋದೆ. ಹೊಸದಾಗಿ ಮದುವೆಯಾದ ಜೋಡಿ. ಸ್ಟೀಲ್, ಮುಚ್ಚಳ, ಮೊಟ್ಟೆ, ಎಲ್ಲ ಸಲೀಸಾಗಿ ಬಂತು. ನೀರಿನ ಹತ್ತಿರ ಬಂದಾಗ ಕೈಪಿಡಿಯ ಪುಟ ತಿರುವುತ್ತ ಕೂತೆ. ಹುಡುಗಿ ಒಂದು ಗ್ಲಾಸ್ ನೀರು ತಂದುಕೊಟ್ಟಳು. ಕುಡಿದು, ಉಳಿದದ್ದು ಹೇಳಿ ಮುಗಿಸಿದೆ. ಕಸ್ಟಮರ್ ರೇಟಿಂಗ್ ಐದಕ್ಕೆ ಐದು.

ಮಾರ್ಚ್ 27, ಬುಧವಾರ

ಅಕ್ಕ ಮೆಡಿಕಲ್ ಶಾಪಿನ ಕೆಲಸಕ್ಕೆ ಮತ್ತೆ ಹೋಗಲು ಶುರುಮಾಡಿ ಮೂರು ದಿನ. ಇಪ್ಪತ್ತೆರಡು ವರ್ಷ ಅದೇ ಕೌಂಟರು. ಡಾಕ್ಟರುಗಳ ಕಾಗೆಕಾಲು ಅಕ್ಷರವನ್ನು ಓದುವವಳು ಇಡೀ ರಸ್ತೆಗೆ ಅವಳೊಬ್ಬಳೇ. ಅಕ್ಕ ಎಣಿಸಿದ ಮಾತ್ರೆಯನ್ನು ಯಾರೂ ಮತ್ತೆ ಎಣಿಸಿದ್ದಿಲ್ಲ. ಈಗ ತಾನೇ ಮೂರು ಮೂರು ಸಲ ಎಣಿಸುತ್ತಾಳಂತೆ. ಎದುರು ಜನ ಕಾಯುತ್ತಾರಂತೆ.

ಬೆಳಗ್ಗೆ ಬೀದಿಯ ತಿರುವಿನಿಂದ ವಾಪಸ್ ಬಂದಳು. ಗ್ಯಾಸ್ ಆಫ್ ಮಾಡಿದ್ದೀನಾ ನೋಡೋಕೆ. ಮಾಡಿದ್ದಳು. ಹತ್ತು ನಿಮಿಷಕ್ಕೆ ಮತ್ತೆ ಬಂದಳು.

ಫ್ರಿಜ್ ಮೇಲೆ ಚೀಟಿಗಳು. "ಬೀಗ." "ಗೀಸರ್." "ಸಂಜೆ ಕಣ್ಣಿನ ಮುಲಾಮು." ಓವನ್ನಿನ ಪ್ಲಗ್ ಕಿತ್ತು ಮೇಲೆ ಬಟ್ಟೆ ಮುಚ್ಚಿದ್ದಾಳೆ. "ಏನಕ್ಕಾ ಇದು?" ಎಂದೆ. "ವಯಸ್ಸು ಕಣೇ," ಎಂದಳು. ಐವತ್ತಾರು ಒಂದು ವಯಸ್ಸೇ!

ಏಪ್ರಿಲ್ 3, ಬುಧವಾರ. ರಾತ್ರಿ 9

ಊಟದ ಹೊತ್ತಿಗೆ ಅಕ್ಕ ಒಂದು ಕಾಗದ ಮುಂದಿಟ್ಟಳು. "ಸ್ಪೆಲಿಂಗ್ ನೋಡು." ರಾಜೀನಾಮೆ ಪತ್ರ.

"ಯಾಕಕ್ಕಾ? ಏನಾಯ್ತು?"

"ಏನೂ ಆಗಿಲ್ಲ. ಆಗೋಕ್ ಮುಂಚೆ ಬಿಡ್ತಿದ್ದೀನಿ."

"ಹುಚ್ಚಾ ನಿಂಗೆ?"

"ಅದೇ ನಂಗೂ ಅನುಮಾನ." ನಗಲಿಲ್ಲ. "ನೀರಿಟ್ಟಿದ್ದು ನೆನಪಿಲ್ಲದೋಳು, ಎಷ್ಟು ಒತ್ತಿದೆ ಗೊತ್ತಿಲ್ಲದೋಳು, ನಾಳೆ ಯಾರದೋ ಮಗುಗೆ ಅರ್ಧ ಮಾತ್ರೆ ಬದಲು ಒಂದೂವರೆ ಕೊಟ್ಟೆ ಅಂದ್ಕೋ. ನನ್ನ ಮುಖ ಸುಟ್ರೆ ಸುಡ್ಲಿ. ಇನ್ನೊಬ್ಬರ ಮಗು?"

ಬಾಯಿ ತೆರೆದೆ. ನಾಲಿಗೆಯ ತುದಿಯಲ್ಲಿತ್ತು. ಆಮೇಲೆ ಏನು ಹೇಳಿದೆ ಗೊತ್ತೆ? "ಎರಡು ದಿನ ಯೋಚನೆ ಮಾಡಕ್ಕಾ."

ಅಮ್ಮ ಹೋದಾಗ ನನಗೆ ಏಳು. ಆಮೇಲೆ ಅಕ್ಕನೇ ಜಡೆ ಹಾಕಿದವಳು, ಜ್ವರಕ್ಕೆ ಒದ್ದೆಬಟ್ಟೆ ಇಟ್ಟವಳು, ನನ್ನ ಓದಿಗಾಗಿ ತನ್ನದನ್ನು ಬಿಟ್ಟವಳು. ಅವಳಿಗೆ ಕೊಟ್ಟ ಉತ್ತರ ಇದು. ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಇದೇ ಇರಬೇಕು.

ಏಪ್ರಿಲ್ 6, ಶನಿವಾರ

ಕೊಟ್ಟು ಬಂದಳು. ಯಜಮಾನರು ಬೇಡವೆಂದರಂತೆ, ಹತ್ತು ದಿನ ರಜೆ ಹಾಕಿ ಎಂದರಂತೆ. ಒಪ್ಪಲಿಲ್ಲವಂತೆ. ಕೌಂಟರಿನ ಕೀ, ಕನ್ನಡಕದ ಡಬ್ಬಿ, ಕುಡಿಯುವ ನೀರಿನ ಬಾಟಲಿ. ಇಪ್ಪತ್ತೆರಡು ವರ್ಷದ ಸಾಮಾನು ಒಂದು ಕೈಚೀಲದಲ್ಲಿ ಬಂತು. ಕೀ ಕೊಡಲು ಮರೆತಿದ್ದಳು. ಅದನ್ನು ನೋಡಿ, "ನೋಡ್ದ್ಯಾ? ನಾನ್ ಹೇಳಲಿಲ್ವಾ?" ಎಂದಳು. ಸೋತವಳ ದನಿಯಲ್ಲ, ಗೆದ್ದವಳ ದನಿ. ಅದಕ್ಕೇ ಹೆದರಿಕೆಯಾಯಿತು.

ಮಂಗಳವಾರ ನರದ ಡಾಕ್ಟರ ಹತ್ತಿರ ಅಪಾಯಿಂಟ್ಮೆಂಟ್. ನೆನಪಿನ ಪರೀಕ್ಷೆ. ಅವಳೇ ಫೋನ್ ಮಾಡಿ ತೆಗೆದುಕೊಂಡಿದ್ದಾಳೆ.

ಏಪ್ರಿಲ್ 9, ಮಂಗಳವಾರ. ಮಧ್ಯಾಹ್ನ 3

ಹೇಳಿಬಿಟ್ಟೆ.

ವೇಟಿಂಗ್ ರೂಮು. ಗೋಡೆಗೆ ಸಾಲು ಕುರ್ಚಿ, ನಾವು ಕೊನೆಯ ಎರಡರಲ್ಲಿ. ಅಕ್ಕನ ತೊಡೆಯ ಮೇಲೆ ಫೈಲು. ಅವಳದೇ ಅಕ್ಷರದಲ್ಲಿ ಪಟ್ಟಿ, ಮರೆತ ಸಂಗತಿಗಳು. ಮೊದಲನೆಯದು: "ಮಾರ್ಚ್ 7, ನೀರು ಇಟ್ಟದ್ದು ನೆನಪಿಲ್ಲ." ನಮ್ಮ ಎದುರಿದ್ದ ಮುದುಕರೊಬ್ಬರು ಪಕ್ಕದಲ್ಲಿದ್ದ ಹೆಂಡತಿಯನ್ನು "ನೀವ್ಯಾರು?" ಎಂದು ಕೇಳುತ್ತಿದ್ದರು. ಅಕ್ಕ ಅವರನ್ನೇ ನೋಡುತ್ತಿದ್ದಳು. ಫೈಲು ಹಿಡಿದ ಬೆರಳು ಬೆಳ್ಳಗಾಗಿದ್ದವು.

"ಅಕ್ಕಾ, ಆವತ್ತು ನೀರಿಟ್ಟಿದ್ದು ನೀನಲ್ಲ. ನಾನು."

ತಿರುಗಲಿಲ್ಲ. ಮುದುಕರನ್ನೇ ನೋಡುತ್ತ, "ಎಷ್ಟು ನಿಮಿಷ?"

"ಮೂರು. ಆಮೇಲೆ ಇನ್ನೊಂದು ಮೂರು. ಫೋನಲ್ಲಿದ್ದೆ."

"ಚಮಚ?"

"ಹಾಕಿರಲಿಲ್ಲ."

ಮಾತ್ರೆ ಎಣಿಸುವ ಹಾಗೆ ತುಟಿ ಅಲ್ಲಾಡಿತು. "ಮಾರ್ಚ್ ಏಳು. ಇವತ್ತು ಏಪ್ರಿಲ್ ಒಂಬತ್ತು. ಮೂವತ್ಮೂರು ದಿನ."

ನರ್ಸ್ ಹೊರಬಂದು ಅಕ್ಕನನ್ನು ಕರೆದಳು. ಅಕ್ಕ ಎದ್ದು, "ಬೇಡ ಸಿಸ್ಟರ್, ನೆನಪು ಸರಿಯಾಗೇ ಇದೆ," ಎಂದಳು. ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗೆ ಕೊಟ್ಟಳು.

ಬಸ್ಸಿನಲ್ಲಿ ಅತ್ತುಬಿಟ್ಟೆ. ಅವಳು ಕಿಟಕಿ ನೋಡುತ್ತ ಒಂದೇ ಒಂದು ಮಾತು ಆಡಿದಳು: "ಚರ್ಮ ಸುಟ್ಟಿದ್ದಕ್ಕೆ ಮುಲಾಮು ನಂಗೆ ಗೊತ್ತು ಕಣೇ. ನನ್ನ ತಲೆನೇ ನಾನು ನಂಬದಂಗೆ ಮಾಡಿದ್ಯಲ್ಲ, ಅದಕ್ಕೆ ಯಾವುದು ಹಚ್ಲಿ?"

ಏಪ್ರಿಲ್ 10, ಬುಧವಾರ

ಅಕ್ಕ ಬೆಳಗ್ಗೆಯೇ ಸೀರೆ ಉಟ್ಟು ತಯಾರಾಗಿ, "ಶಾಪಿಗೆ ನೀನೂ ಬಾ. ನಿನ್ನ ಬಾಯಲ್ಲೇ ಹೇಳು," ಎಂದಳು. ಹೋದೆ. ಕೌಂಟರಿನ ಈಚೆ ನಿಂತು ಯಜಮಾನರಿಗೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಒಂದು ವಾರ ಮುಂಚೆ ಹೇಳಿದ್ರೆ ಆಗ್ತಿತ್ತಲ್ಲಮ್ಮ. ಸೋಮವಾರದಿಂದ ಈ ಹುಡುಗಿ ಬಂದಿದ್ದಾಳೆ. ಅವಳೂ ಇನ್ನೊಂದು ಕಡೆ ಬಿಟ್ಟು ಬಂದಿದ್ದಾಳೆ... ನಾನೀಗ ಏನು ಮಾಡ್ಲಿ?"

ಹೊಸ ಹುಡುಗಿ ಅಕ್ಕನ ಕುರ್ಚಿಯಿಂದ ಎದ್ದು ನಿಂತಿದ್ದಳು. ಕೂರಬೇಕೋ ಬೇಡವೋ ಗೊತ್ತಾಗದೆ. ಅಕ್ಕನೇ, "ಕೂತ್ಕೋಮ್ಮ, ನಿನ್ನ ತಪ್ಪೇನಿದೆ," ಎಂದಳು. ಕೀ ಕೌಂಟರಿನ ಮೇಲಿಟ್ಟಳು. ಬಂದೆವು.

ಏಪ್ರಿಲ್ 11

ಅಕ್ಕ ಅಡುಗೆ ಮಾಡಿಡುತ್ತಾಳೆ. ನನ್ನ ತಟ್ಟೆ ಬಡಿಸಿ, ಮುಚ್ಚಿ, ತನ್ನ ಕೋಣೆಗೆ ಹೋಗುತ್ತಾಳೆ. ಬೈದಿದ್ದರೆ ಸುಖವಾಗಿರುತ್ತಿತ್ತು.

ಏಪ್ರಿಲ್ 12

ಫ್ರಿಜ್ ಮೇಲಿನ ಚೀಟಿಗಳೆಲ್ಲ ಇಲ್ಲ. ಗೋಂದಿನ ಗುರುತು ಮಾತ್ರ.

ಏಪ್ರಿಲ್ 16, ಮಂಗಳವಾರ. ಸಂಜೆ 6:30

ಬಾಗಿಲು ತಟ್ಟಿದ ಸದ್ದು. ಮೆಡಿಕಲ್ ಶಾಪಿನ ಹುಡುಗಿ, ಕೈಯಲ್ಲಿ ಚೀಟಿ, ಹಣೆಯಲ್ಲಿ ಬೆವರು. "ಆಂಟಿ, ಯಜಮಾನ್ರು ಹೊರಗೆ ಹೋಗಿದ್ದಾರೆ, ಫೋನ್ ಎತ್ತುತ್ತಿಲ್ಲ. ಈ ಅಕ್ಷರ ಯಾವ ಮದ್ದೂಂತ ಗೊತ್ತಾಗ್ತಿಲ್ಲ. ಪೇಷೆಂಟ್ ಅಲ್ಲೇ ಕೂತಿದ್ದಾರೆ."

ಅಕ್ಕ ಚೀಟಿಯನ್ನು ಬೆಳಕಿಗೆ ಹಿಡಿದಳು. ಸುಟ್ಟ ರೆಪ್ಪೆ ಇನ್ನೂ ಪೂರ್ತಿ ಮುಚ್ಚುವುದಿಲ್ಲ, ಆ ಕಣ್ಣಲ್ಲಿ ನೀರು ಸುರಿಯುತ್ತಲೇ ಇರುತ್ತದೆ. ಒರೆಸಿಕೊಂಡು ಹೇಳಿದಳು: "ಇದು ಬಿ.ಪಿ.ದು. ಎಡಗಡೆ ರ‍್ಯಾಕು, ಮೂರನೇ ಸಾಲು, ಹಿಂದಿನ ಡಬ್ಬಿ. ಮುಂದಿರೋದು ಅದೇ ತರ ಕಾಣುತ್ತೆ, ಅದು ಬೇರೆ. ತೆಗೀಬೇಡ. ಅನುಮಾನ ಇದ್ರೆ ಡಾಕ್ಟ್ರಿಗೆ ಫೋನ್ ಮಾಡಿ ಕೇಳಿನೇ ಕೊಡು, ನಾಚ್ಕೋಬೇಡ." ಒಂದು ಕ್ಷಣವೂ ತಡವರಿಸಲಿಲ್ಲ. ಹುಡುಗಿ ಓಡಿದಳು.

ಅಕ್ಕ ಬಾಗಿಲಲ್ಲೇ ನಿಂತಳು. ಹುಡುಗಿ ರಸ್ತೆ ತಿರುಗುವವರೆಗೆ. ತಿರುಗಿದ ಮೇಲೂ.

ಹತ್ತಿರ ಹೋದೆ. "ಅಕ್ಕಾ... ಸಿಟ್ಟು ಎಷ್ಟು ದಿನ?"

"ಸಿಟ್ಟಿಲ್ಲ," ಎಂದಳು, ರಸ್ತೆಯನ್ನೇ ನೋಡುತ್ತ. "ಸಿಟ್ಟಾಗಿದ್ರೆ ಇಷ್ಟೊತ್ತಿಗೆ ಇಳಿದಿರೋದು."

ಅಷ್ಟೇ. ಒಳಗೆ ಹೋದಳು.

ಸಿಟ್ಟಲ್ಲದಿದ್ದರೆ ಏನದು? ಕೇಳಲು ಧೈರ್ಯ ಸಾಲದೆ ಇಲ್ಲಿ ಬಂದು ಬರೆಯುತ್ತ ಕೂತಿದ್ದೇನೆ. ಹೇಳಬೇಕಾದವರಿಗೆ ಹೇಳದೆ ಇಲ್ಲಿ ಬರೆದು ಬರೆದೇ ಇಷ್ಟೆಲ್ಲ ಆದದ್ದು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು. ಇವತ್ತೂ ಒಂದೇ ತಟ್ಟೆ ಬಡಿಸುತ್ತಿದ್ದಾಳೆ. ಅವಳು ಅದನ್ನು ಮುಚ್ಚುವುದರೊಳಗೆ ಹೋಗಬೇಕು. ಹೋಗಿ, ಎದುರು ನಿಂತು ಕೇಳಬೇಕು. ಪೆನ್ನು ಇಟ್ಟೆ.