ಒಂದು ಗೇಟು ಬೆಸೆದು ಉದ್ಯೋಗಸ್ಥರಾದವರು

ನಿರುದ್ಯೋಗ ಇಳಿಯಿತೆಂದು ಬೆನ್ನು ತಟ್ಟಿಕೊಳ್ಳುತ್ತಿರುವ ಅಂಕಿಅಂಶ ಇಲಾಖೆಯ ಮುಖ್ಯಾಧಿಕಾರಿಗಳೇ,

ನಿಮ್ಮ ಅಂಕಿ ಇಳಿದದ್ದು ನಮ್ಮ ಮನೆಯವರಿಗೆ ಕೆಲಸ ಸಿಕ್ಕಿದ್ದರಿಂದಲ್ಲ, ನೀವು ಅವರನ್ನು ಎಣಿಸದೆ ಬಿಟ್ಟದ್ದರಿಂದ. ಆ ಅಂಕಿಯನ್ನೇ ತೋರಿಸಿ ಸರ್ಕಾರದವರು ನಮ್ಮ ಬಡಾವಣೆಯ ಉದ್ಯೋಗ ಕೇಂದ್ರಕ್ಕೆ ಬೀಗ ಜಡಿದರಲ್ಲ, ಅದಕ್ಕೇ ಈ ಪತ್ರ.

ನಮ್ಮ ಯಜಮಾನರು ಬೆಸುಗೆ ಕೆಲಸದವರು. ಬಸ್ಸಿನ ಮೈ ಕಟ್ಟುವ ಶೆಡ್ಡು ಮುಚ್ಚಿದ ಮೇಲೂ ದಿನಾ ಬೆಳಿಗ್ಗೆ ಕ್ಷೌರ ಮಾಡಿಕೊಂಡು, ಶೆಡ್ಡಿನ ನೀಲಿ ಅಂಗಿ ತೊಟ್ಟು ಬಾಗಿಲಲ್ಲಿ ಕೂರುತ್ತಾರೆ. ನಿಮ್ಮ ಸಮೀಕ್ಷೆಯ ಹುಡುಗಿ ಬಂದು, "ಹೋದ ವಾರ ಒಂದು ಗಂಟೆನಾದ್ರೂ ಕೆಲಸ ಮಾಡಿದ್ರಾ ಸಾರ್?" ಎಂದಳು. ಪಕ್ಕದ ಮನೆಯ ಗೇಟಿನ ಕೀಲು ಬೆಸೆದುಕೊಟ್ಟದ್ದಿತ್ತು. ನಮ್ಮ ಮಗಳು ಎದುರಿಗೇ ನಿಂತಿದ್ದಳು. ಇವರು ಎದೆ ಸೆಟೆಸಿ, "ಮಾಡ್ದೆ ಇರ್ತೀನೇನಮ್ಮಾ? ನಾನೇನು ಸೋಮಾರಿನಾ?" ಎಂದುಬಿಟ್ಟರು. ಅಲ್ಲಿಗೆ ನಿಮ್ಮ ಲೆಕ್ಕದಲ್ಲಿ ಉದ್ಯೋಗಸ್ಥರಾದರು!

ಆಮೇಲೆ ನನ್ನ ಮೈದುನನ ಸರದಿ. ಕೆಲಸ ಹುಡುಕುತ್ತಿದ್ದೀರಾ ಎಂದು ಕೇಳಿದ್ದಕ್ಕೆ, "ಹುಡುಕಿ ಹುಡುಕಿ ಚಪ್ಪಲಿ ಸವೀತು, ಈಗ ಬಿಟ್ಬಿಟ್ಟೆ" ಎಂದ. ಹುಡುಕದವನು ನಿರುದ್ಯೋಗಿಯಲ್ಲವಂತೆ! ಹಾಗಾದರೆ ಎರಡು ಹೊತ್ತೂ ನಾನು ತಟ್ಟೆ ಇಡುವುದು ಯಾರಿಗೆ? ಅವನ ಹಸಿವಿಗೆ ನಿಮ್ಮ ವ್ಯಾಖ್ಯಾನ ತಿಳಿದಿದೆಯೇ? ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿಗಾದರೂ ಹಾಲು ಕದ್ದದ್ದೆಂಬ ಅಳುಕಿರುತ್ತದೆ. ನೀವು ಕುಡಿದು, ಬಟ್ಟಲು ತುಂಬಿದೆಯೆಂದು ಪತ್ರಿಕಾಗೋಷ್ಠಿ ಬೇರೆ ನಡೆಸುತ್ತೀರಿ.

ಕೇಂದ್ರ ಮುಚ್ಚಿದ ದಿನ ನಮ್ಮವರು ಬೀಗ ಮುಟ್ಟಿ ನೋಡಿ ಬಂದರು. ಕೆಲಸದ ಸುದ್ದಿ ಸಿಗಲು ಅವರಿಗಿದ್ದದ್ದು ಅದೊಂದೇ ಬಾಗಿಲು. "ನಾನೇ ಬಾಯ್ಬಿಟ್ಟು ಕೆಡಿಸ್ದೆ ಕಣೆ" ಎಂದು ಗೋಡೆ ಕಡೆ ತಿರುಗಿ ಮಲಗಿದರು. ಅವರ ಬಾಯಲ್ಲಿ ಆ ಮಾತು ಬರಿಸಿದ್ದಕ್ಕೆ ನಿಮ್ಮ ಮೇಲೆ ನನಗೆ ಹಗೆಯಿದೆ. ಅದನ್ನು ಮುಚ್ಚಿಡುವುದಿಲ್ಲ.

ಕೇಂದ್ರದ ಬೀಗ ತೆಗೆಸಿ. ವಾರಕ್ಕೆ ಒಂದೆರಡು ಗಂಟೆಯ ಚೂರುಪಾರು ಕೆಲಸದವರೆಷ್ಟು, ಹುಡುಕಿ ಸೋತವರೆಷ್ಟು ಎಂಬುದನ್ನೂ ನಿಮ್ಮ ಅಂಕಿಯ ಪಕ್ಕದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ. ಇಲ್ಲವಾದರೆ ಕೇಳಿ: ಹುಡುಕುವವನೇ ನಿರುದ್ಯೋಗಿ ಎಂಬುದು ನಿಮ್ಮದೇ ನಿಯಮ. ನಮ್ಮ ಬೀದಿಯ ಸೋತವರೆಲ್ಲ ನಾಳೆಯಿಂದ ಮತ್ತೆ ಹುಡುಕುತ್ತಾರೆ. ಅಕ್ಕಪಕ್ಕದ ಬೀದಿಗಳಿಗೂ ಹೇಳಿ ಕಳಿಸಿದ್ದೇನೆ. ವಾರ ವಾರವೂ ಎಲ್ಲರೂ ನಿಮ್ಮ ಕಚೇರಿಗೇ ಬಂದು, ನೀವು ಕೂತಿರುವ ಕುರ್ಚಿಯ ಕೆಲಸವನ್ನೇ ಕೇಳುತ್ತಾರೆ. ನಿಮ್ಮ ನಿಯಮದಿಂದಲೇ ನಿಮ್ಮ ಅಂಕಿ ಏರಲಿ. ಆ ಕುರ್ಚಿ ನಿಮಗೆ ತಪ್ಪಿದ ದಿನ ನಮ್ಮ ಮನೆಗೆ ಬನ್ನಿ. ಹೋದ ವಾರ ಒಂದು ಗಂಟೆಯಾದರೂ ಕೆಲಸ ಮಾಡಿದಿರಾ ಎಂದು ನಾನೇ ಕೇಳುತ್ತೇನೆ.

ಇಂತಿ,
ನಿಮ್ಮ ಲೆಕ್ಕದ ಪ್ರಕಾರ ಯಾವ ಕೊರತೆಯೂ ಇಲ್ಲದ ಮನೆಯ ಗೃಹಿಣಿ